ಖಾಲಿ ಹಗೇವು

ಕಂಠೀರವ ಕ್ರೀಡಾಂಗಣದ ಕೆಂಪು ಟ್ರ್ಯಾಕಿನ ಮೇಲೆ ನಿಂತಿದ್ದೀಯ. ರಾತ್ರಿಯೆಲ್ಲ ಸುರಿದ ಜುಲೈ ಮಳೆಗೆ ನೆಂದ ಸಿಂಥೆಟಿಕ್ ಈಗ ಎಳೆಬಿಸಿಲಿಗೆ ಹಬೆಯಾಡುತ್ತಿದೆ. ಸೈಕಲ್ ಅಂಗಡಿಯ ಟ್ಯೂಬಿನಂಥ ವಾಸನೆ ಮೂಗಿಗೆ ಬಡಿಯುತ್ತದೆ. ಎದೆಯ ಮೇಲೆ ನಾಲ್ಕು ಪಿನ್ನು ಚುಚ್ಚಿ ಸಿಕ್ಕಿಸಿದ ನಂಬರು. ನಿನಗೆ ಹತ್ತೊಂಬತ್ತು ವರ್ಷ. ಮುಂದಿರುವುದು 5000 ಮೀಟರ್, ಹನ್ನೆರಡೂವರೆ ಸುತ್ತು. ಕಸ್ತೂರಬಾ ರಸ್ತೆಯ ಬಸ್ಸುಗಳ ಹಾರ್ನು ಕಂಬಳಿ ಹೊದ್ದುಕೊಂಡ ಹಾಗೆ ಮಂಕಾಗಿ ತೇಲಿ ಬರುತ್ತಿದೆ. ಸ್ಪಷ್ಟವಾಗಿ ಕೇಳಿಸುವುದು ನಿನ್ನ ಎದೆಬಡಿತ ಒಂದೇ. ನೀನಿನ್ನೂ ಓಡಲು ಶುರು ಮಾಡಿಲ್ಲ. ಅದು ಆಗಲೇ ಓಡುತ್ತಿದೆ.

ಪಿಸ್ತೂಲು ಸಿಡಿಯುತ್ತದೆ.

ಮೊದಲ ಮೂರು ಸುತ್ತು ಗುಂಪಿನ ನಡುವೆ ತೇಲಿಕೊಂಡು ಹೋಗುತ್ತೀಯ. ಮುಂದಿನವಳ ಜಡೆ ಬೆನ್ನಿಗೆ ಬಡಿಯುವುದು ಕಾಣಿಸುತ್ತದೆ, ಹಿಂದಿನವಳ ಉಸಿರು ಕತ್ತಿಗೆ ತಾಗುತ್ತದೆ, ಸ್ಪೈಕುಗಳು ಟ್ರ್ಯಾಕನ್ನು ಕಚ್ಚಿ ಬಿಡುವ ಚರಚರ ಸದ್ದು ಸುತ್ತಲೂ ತುಂಬಿದೆ. ಅಂಚಿನಲ್ಲಿ ನಿಂತ ಕೋಚ್ ಸರ್ ಪ್ರತಿ ಸುತ್ತಿಗೂ ಸಮಯ ಕೂಗುತ್ತಾರೆ. "84!" ಮುಂದಿನ ಸುತ್ತಿಗೆ ಮತ್ತೆ "84!" ಇದು ನಿನ್ನ ಕಾಲಿಗೆ ಬಾಯಿಪಾಠವಾಗಿರುವ ಲೆಕ್ಕ. ಹೀಗೇ ಹೋದರೆ 17 ನಿಮಿಷ 30 ಸೆಕೆಂಡು. ಹೋದ ವರ್ಷ ಈ ವೇಗದಲ್ಲಿ ಓಡುತ್ತಾ ಕೊನೇ ಸುತ್ತಿಗೆ ಇನ್ನೊಂದಿಷ್ಟು ಶಕ್ತಿ ಎತ್ತಿಟ್ಟುಕೊಂಡಿರುತ್ತಿದ್ದೆ.

ಐದನೇ ಸುತ್ತಿನಲ್ಲಿ ಏನೋ ಬದಲಾಗುತ್ತದೆ. ನೋವಿಲ್ಲ. ನೋವಾದರೆ ನಿನಗೆ ಪರಿಚಯವಿದೆ, ಅದರ ಜೊತೆ ಮಾತಾಡುತ್ತಾ ಓಡಬಹುದು. ಇದು ಬೇರೆ. ತೊಡೆಯೊಳಗೆ ಯಾರೋ ಒದ್ದೆ ಮರಳು ತುಂಬುತ್ತಿದ್ದಾರೆ. ಬಾಯಿ ಅಗಲ ತೆರೆದು ಗಾಳಿ ಎಳೆದುಕೊಳ್ಳುತ್ತೀಯ, ಎದೆ ತುಂಬುತ್ತದೆ, ಆದರೆ ಆ ಗಾಳಿ ಕಾಲಿನ ತನಕ ಹೋಗುತ್ತಿಲ್ಲ. ಪಂಪು ಓಡುತ್ತಿದೆ, ನಲ್ಲಿಯಲ್ಲಿ ನೀರಿಲ್ಲ.

"88!" ಸರ್ ದನಿ ಏರಿದೆ. "ಬಿಡಬೇಡ, ಹಿಡ್ಕೋ ಅವಳನ್ನ!"

ಜಡೆ ದೂರವಾಗುತ್ತಿದೆ. ಎರಡು ಮೀಟರ್. ಐದು. ಹತ್ತು. ಹಿಂದಿದ್ದವಳು ಪಕ್ಕಕ್ಕೆ ಬರುತ್ತಾಳೆ, ಹೋಗುತ್ತಾಳೆ. ಇನ್ನೊಬ್ಬಳು ಹೋಗುತ್ತಾಳೆ. ಏಳನೇ ಸುತ್ತು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ಕಣ್ಣಿನ ಅಂಚು ಕಪ್ಪಾಗುತ್ತಿದೆ. ಬಾಯಲ್ಲಿ ಹಳೇ ನಾಣ್ಯ ನೆಕ್ಕಿದ ರುಚಿ. "93!" ಅದು ನಿನ್ನ ಸಮಯವೇ? ಕೈ ಬೀಸುತ್ತೀಯ, ಕೈ ಬರುತ್ತಿಲ್ಲ. ಮಂಡಿ ಎತ್ತುತ್ತೀಯ, ಮಂಡಿ ಏಳುತ್ತಿಲ್ಲ. ಎಡಗಡೆ ಒಂದೇ ಹೆಜ್ಜೆಯ ದೂರದಲ್ಲಿ ಹಸಿರು ಹುಲ್ಲು.

ಆ ಒಂದು ಹೆಜ್ಜೆಗೆ ತೂಕವಿದೆ. ಇಟ್ಟರೆ ಫಲಿತಾಂಶದ ಹಾಳೆಯಲ್ಲಿ ನಿನ್ನ ಹೆಸರಿನ ಮುಂದೆ ಸಮಯ ಇರುವುದಿಲ್ಲ, ಡಿಎನ್‌ಎಫ್ ಎಂದಿರುತ್ತದೆ, ಓಟ ಮುಗಿಸಲಿಲ್ಲ ಎಂದು. ಹಾಸ್ಟೆಲ್ಲಿನ ಸೀಟು, ಮುಂದಿನ ಕ್ಯಾಂಪು, ಬಸ್‌ಚಾರ್ಜಿಗೆಂದು ಅಪ್ಪ ಎಣಿಸಿ ಕೊಟ್ಟ ನೋಟುಗಳು, ಎಲ್ಲವೂ ಆ ಬಿಳಿ ಗೆರೆಯ ಮೇಲೆ ನಿಂತಿವೆ. ಇಡದಿದ್ದರೆ ಇನ್ನೂ ಐದು ಸುತ್ತಿಗೂ ಹೆಚ್ಚು. ಐದು. ಮನಸ್ಸು ಆ ಸಂಖ್ಯೆಯನ್ನು ಮುಟ್ಟಿ, ಕೆಂಡ ಮುಟ್ಟಿದಂತೆ ಹಿಂದಕ್ಕೆ ಬರುತ್ತದೆ.

ಎಡಕ್ಕೆ ಹೆಜ್ಜೆ ಇಡುತ್ತೀಯ.

ಹುಲ್ಲು ತಣ್ಣಗಿದೆ. ಆಕಾಶದಲ್ಲಿ ಒಂದು ಹದ್ದು ನಿಧಾನವಾಗಿ ಸುತ್ತು ಹಾಕುತ್ತಿದೆ, ಅದಕ್ಕೆ ಯಾರೂ ಸಮಯ ಕೂಗುತ್ತಿಲ್ಲ. ಸರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾರೆ.

"ಕಾಲು ನೋವಾ?"

"ಇಲ್ಲ ಸರ್."

"ಹೊಟ್ಟೆನೋವಾ?"

"ಇಲ್ಲ ಸರ್."

"ಮತ್ತೇನಮ್ಮ?"

ಉತ್ತರವಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬೈಯದೆ, ಬೇಸರದಲ್ಲೇ ಹೇಳುತ್ತಾರೆ: "ಮನಸ್ಸು ಗಟ್ಟಿ ಮಾಡ್ಕೋಬೇಕು ನೀನು." ಬೈದಿದ್ದರೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ರಾತ್ರಿ ಹಾಸ್ಟೆಲ್ಲಿನ ದೀಪ ಆರಿದ ಮೇಲೆ, ಹೊದಿಕೆಯೊಳಗೆ ನಿನ್ನ ಕೈ ದಿಂಬಿನಡಿ ಹೋಗುತ್ತದೆ. ಅಲ್ಲೊಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಅಡುಗೆಮನೆಯ ಮೂಟೆಯಿಂದ ತಂದ ಹಸಿ ಅಕ್ಕಿ. ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತೀಯ. ಹಲ್ಲಿನ ನಡುವೆ ಕಾಳು ಕಟಕ್ಕೆಂದು ಒಡೆದು, ಹಿಟ್ಟಾಗಿ, ಸುಣ್ಣದ ಗೋಡೆ ನೆಂದಾಗ ಬರುವಂಥ ರುಚಿ ಬಿಡುತ್ತದೆ. ಯಾಕೆ ಬೇಕು ಇದು ಎಂದು ಕೇಳಿದರೆ ಹೇಳಲು ಬಾರದು. ಬೇಕು, ಅಷ್ಟೇ. ಶಾಲೆಯಲ್ಲಿದ್ದಾಗ ಬಳಪ ತಿಂದು ಟೀಚರ್ ಕೈಯಲ್ಲಿ ಏಟು ತಿಂದಿದ್ದೆ. ಬಳಪ ಬಿಟ್ಟು ಅಕ್ಕಿಗೆ ಬಂದಿದ್ದೀಯ.

"ಏ ತಂಗಿ." ಕೆಳಗಿನ ಮಂಚದಿಂದ ಪಿಸುದನಿ. ಬೆಳಗಾವಿ ಕಡೆಯ ಸೀನಿಯರ್, ನೀವೆಲ್ಲ ಅಕ್ಕ ಎನ್ನುವವಳು. "ಮತ್ತ ಅಕ್ಕಿ ತಿನ್ನಾಕತ್ತೀಯೇನ?"

ಬಾಯಿ ಮುಚ್ಚಿ ಸುಮ್ಮನಾಗುತ್ತೀಯ. ಕಳ್ಳತನ ಸಿಕ್ಕಿಬಿದ್ದ ಹಾಗೆ ಮುಖ ಬಿಸಿಯಾಗುತ್ತದೆ.

"ನಾನೂ ತಿಂತಿದ್ದೆ ಲೇ. ನಾಳೆ ರಕ್ತ ತೋರಿಸಿಕೊಂಡು ಬಾ. ಇದು ಚಟ ಅಲ್ಲ."

ಮರುದಿನ ಲ್ಯಾಬಿನಲ್ಲಿ ಸ್ಪಿರಿಟ್ಟಿನ ತಣ್ಣನೆ ವಾಸನೆ. ತೋಳಿಗೆ ರಬ್ಬರು ಬಿಗಿದು, ಮುಷ್ಟಿ ಹಿಡಿ ಎನ್ನುತ್ತಾರೆ. ಸೂಜಿ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತೀಯ. ಕೊಳವೆಯಲ್ಲಿ ಏರುವ ರಕ್ತ ಕೆಂಪಗೇ ಇದೆಯಲ್ಲ! ಸಂಜೆಗೆ ಒಂದು ಹಾಳೆ ಕೈಗೆ ಬರುತ್ತದೆ. ಹಿಮೋಗ್ಲೋಬಿನ್ 12.1. ಕೌಂಟರಿನವರು ಮೇಲೆ ನೋಡದೆ ಹೇಳುತ್ತಾರೆ: "ನಾರ್ಮಲ್ ಇದೆ. ಏನೂ ಇಲ್ಲ."

ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆದಿದೆ. ನೀನು ಗೆರೆಯ ಮೇಲೆ ಒಂದು ಕೂದಲೆಳೆಯಷ್ಟು ಜಾಗದಲ್ಲಿ ನಿಂತಿದ್ದೀಯ. ಸಂತೋಷವಾಗಬೇಕು. ಆದರೆ ಆ ಹಾಳೆ ಹಿಡಿದು ಫುಟ್‌ಪಾತಿನಲ್ಲಿ ನಿಂತಾಗ ನಿನಗಾಗುವುದು ಭಯ. ರಕ್ತ ಸರಿಯಾಗಿದ್ದರೆ, ಕಾಲು ಸರಿಯಾಗಿದ್ದರೆ, ತಪ್ಪು ಇರುವುದು ನಿನ್ನೊಳಗೆ. ಸರ್ ಹೇಳಿದ್ದೇ ನಿಜವೇನೋ. ನಿನಗೆ ಮನಸ್ಸೇ ಇಲ್ಲವೇನೋ.

ಇಲ್ಲಿ ಎರಡು ದಾರಿಗಳಿವೆ. ಹಾಳೆ ಮಡಚಿ ಬ್ಯಾಗಿಗೆ ಹಾಕಿ, ನಾಳೆಯಿಂದ ಇನ್ನೂ ನಾಲ್ಕು ಕಿಲೋಮೀಟರ್ ಹೆಚ್ಚು ಓಡಬಹುದು. ಬಹಳ ಹುಡುಗಿಯರು ಹಿಡಿಯುವ ದಾರಿ ಅದೇ. ಇನ್ನೊಂದು, ಅಕ್ಕ ಹೇಳಿದ ಡಾಕ್ಟರ್ ಹತ್ತಿರ ಹೋಗುವುದು. ಅದಕ್ಕೆ ಸರ್ ಅನುಮತಿ ಬೇಕು. ಅನುಮತಿ ಕೇಳಲು ಕಾರಣ ಹೇಳಬೇಕು. ಕಾರಣ ಹೇಳಲು, ಅಪ್ಪನ ವಯಸ್ಸಿನ ಗಂಡಸಿನ ಮುಂದೆ ನಿಂತು, ಅಮ್ಮನ ಹತ್ತಿರವೂ ಬಾಯಿಬಿಟ್ಟು ಆಡದ ಮಾತನ್ನು ಆಡಬೇಕು.

"ಸರ್... ತಿಂಗಳು ತಿಂಗಳು ನನಗೆ ಜಾಸ್ತಿ ಹೋಗುತ್ತೆ ಸರ್. ಏಳು ದಿನ."

ಅವರು ಸ್ಟಾಪ್‌ವಾಚಿನ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಲ್ಲುತ್ತಾರೆ. ಆಮೇಲೆ ಜೇಬಿನಿಂದ ತಮ್ಮ ನೋಟ್‌ಬುಕ್ ತೆಗೆದು ನಿನ್ನ ಕೈಗಿಡುತ್ತಾರೆ. "ಇದನ್ನೂ ತಗೊಂಡು ಹೋಗು. ಡಾಕ್ಟರಿಗೆ ತೋರಿಸು."

ಡಾಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ನಿನ್ನ ರಿಪೋರ್ಟ್ ನೋಡುವ ಮೊದಲು ನಿನ್ನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆಳೆದು ಒಳಗಿನ ಬಣ್ಣ ನೋಡುತ್ತಾರೆ. ಉಗುರು ಒತ್ತಿ ಬಿಡುತ್ತಾರೆ. ಆಮೇಲೆ ನೋಟ್‌ಬುಕ್ ತೆರೆಯುತ್ತಾರೆ. ನೀಲಿ ಇಂಕಿನಲ್ಲಿ ಸರ್ ಬರೆದ ಸಾಲು: ಜನವರಿ 17.34. ಮಾರ್ಚ್ 17.52. ಮೇ 18.10. ಜೂನ್ 18.31. ಜುಲೈ ಎದುರಿಗೆ ಬರೀ ಒಂದು ಅಡ್ಡಗೆರೆ. ಅವರ ಬೆರಳು ಆ ಸಾಲಿನ ಮೇಲೆ ಇಳಿಯುತ್ತಾ ಹೋಗಿ ಅಡ್ಡಗೆರೆಯ ಮೇಲೆ ನಿಲ್ಲುತ್ತದೆ.

"ಮೆಟ್ಟಿಲು ಹತ್ತುವಾಗ ಎದೆ ಹೊಡ್ಕೊಳುತ್ತಾ?"

"ಹೂಂ."

"ಮುಟ್ಟಾದಾಗ ದಿನಕ್ಕೆ ಎಷ್ಟು ಪ್ಯಾಡು? ಗಟ್ಟಿ ಹೋಗುತ್ತಾ? ರಾತ್ರಿ ಎದ್ದು ಬದಲಾಯಿಸಬೇಕಾ?"

ಒಂದೊಂದಕ್ಕೂ ಉತ್ತರ ಕೊಡುತ್ತೀಯ. ಈ ಪ್ರಶ್ನೆಗಳನ್ನು ಇಷ್ಟು ಸಲೀಸಾಗಿ ಯಾರೂ ಕೇಳಿರಲಿಲ್ಲ. ಊಟಕ್ಕೆ ಪ್ರಶ್ನೆ ಬರುತ್ತದೆ, ಕಾಫಿ-ಟೀಗೆ ಬರುತ್ತದೆ. ಕೊನೆಗೆ, ಹಾಗೇ ಸುಮ್ಮನೆ ಎಂಬಂತೆ: "ಅಕ್ಕಿ ತಿಂತೀಯೋ, ಬಳಪಾನೋ, ಮಣ್ಣೋ?"

ಕಣ್ಣು ತುಂಬಿಕೊಳ್ಳುತ್ತದೆ. "ಅಕ್ಕಿ," ಎನ್ನುತ್ತೀಯ.

"ಅದಕ್ಕೊಂದು ಹೆಸರಿದೆ, ಪೈಕಾ ಅಂತ. ಕಬ್ಬಿಣ ಕಮ್ಮಿಯಾದವರಲ್ಲಿ ಬಹಳ ಕಾಣುತ್ತೆ. ನಾಚಿಕೆಪಡೋ ವಿಷಯ ಅಲ್ಲಮ್ಮ." ಚೀಟಿಯ ಮೇಲೆ ಒಂದು ಪದ ಬರೆಯುತ್ತಾರೆ: ಫೆರಿಟಿನ್. "ಇದೊಂದು ಪರೀಕ್ಷೆ ಮಾಡಿಸಿಕೊಂಡು ಬಾ."

ಎರಡು ದಿನದ ನಂತರ ಅದೇ ಕುರ್ಚಿ. ಹೊರಗೆ ಬೆಂಚಿನ ಮೇಲೆ ಸರ್ ಕೂತಿದ್ದಾರೆ. ಡಾಕ್ಟರ್ ಅವರನ್ನೂ ಒಳಗೆ ಕರೆದು, ಹಾಳೆಯನ್ನು ಇಬ್ಬರ ನಡುವೆ ಇಡುತ್ತಾರೆ. ಫೆರಿಟಿನ್: 7.

"ಆರೋಗ್ಯವಾಗಿರೋ ದೊಡ್ಡವರಲ್ಲಿ ಇದು 15ಕ್ಕಿಂತ ಕೆಳಗಿಳಿದರೆ ದಾಸ್ತಾನು ಬರಿದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ದೂರ ಓಡೋ ಹುಡುಗೀರಲ್ಲಿ 30-35ಕ್ಕಿಂತ ಕಮ್ಮಿ ಇದ್ದರೇ ನಾವು ಎಚ್ಚರವಾಗ್ತೀವಿ." ನಿನ್ನ ಕಡೆ ತಿರುಗಿ, "ಯಾವ ಊರಮ್ಮ ನಿಂದು?"

"ಹಾಸನ ಜಿಲ್ಲೆ ಮೇಡಂ."

"ಹಾಗಾದರೆ ಹಗೇವು ಗೊತ್ತಿರಬೇಕಲ್ಲ."

ಗೊತ್ತು. ನೀನು ಕಣ್ಣಾರೆ ಕಂಡಿಲ್ಲ, ಅಜ್ಜ ಹೇಳಿದ್ದು. ಮನೆಯ ಮುಂದೆ ನೆಲದೊಳಗೆ ಬಾವಿಯಂತೆ ತೋಡಿದ ಗುಂಡಿ, ಅದರ ತುಂಬ ರಾಗಿ. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡಬೇಕು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿಯಿಲ್ಲ ಎಂದು ಅರ್ಥ.

"ಹಿಮೋಗ್ಲೋಬಿನ್ ಅನ್ನೋದು ಅಡುಗೆಮನೆಯ ಮಡಕೆ. ಫೆರಿಟಿನ್ ಹಗೇವಿನ ಲೆಕ್ಕ. ಮಡಕೆ ತುಂಬಿಸೋದಕ್ಕೆ ದೇಹ ಹಗೇವಿನಿಂದ ತೆಗೀತಾನೇ ಇರುತ್ತೆ, ತಳ ಕೆರೆಯೋ ತನಕ. ಮಡಕೆ ಮಾತ್ರ ನೋಡಿದವರು ನಾರ್ಮಲ್ ಅಂತಾರೆ. ಹಗೇವು ನೋಡಿದವರಿಗೆ ಗೊತ್ತಾಗುತ್ತೆ."

ಸರ್ ಮುಂದಕ್ಕೆ ಬಾಗುತ್ತಾರೆ. "ಆದರೆ ಮೇಡಂ, ಮಡಕೆ ಇನ್ನೂ ತುಂಬಿದೆಯಲ್ಲ. ಓಟ ಯಾಕೆ ಬಿದ್ದೋಯ್ತು?"

ಇದು ನಿನ್ನದೂ ಪ್ರಶ್ನೆ. ಡಾಕ್ಟರ್ ನಿನ್ನ ತೊಡೆಯ ಮೇಲೆ ಬೆರಳಿಡುತ್ತಾರೆ. ಕಬ್ಬಿಣದ ಕೆಲಸ ರಕ್ತದಲ್ಲಿ ಮಾತ್ರ ಮುಗಿಯುವುದಿಲ್ಲ. ಪ್ರತಿ ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳು ಕೂತು ಆಮ್ಲಜನಕವನ್ನು ಹೊತ್ತು ತರುತ್ತವೆ, ಸರಿ. ತಂದದ್ದನ್ನು ಸ್ನಾಯುವಿನೊಳಗೆ ಇಳಿಸಿಕೊಳ್ಳುವ ಮಯೋಗ್ಲೋಬಿನ್‌ಗೂ ಕಬ್ಬಿಣ ಬೇಕು. ಅದನ್ನು ಉರಿಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯದ ಕಿಣ್ವಗಳಿಗೂ ಬೇಕು. ಒಲೆಯೇ ಸರಿಯಾಗಿ ಉರಿಯದಿದ್ದರೆ ಸೌದೆ ಎಷ್ಟು ತಂದರೇನು? ದೇಹ ಆಮ್ಲಜನಕವಿಲ್ಲದ ಅಡ್ಡದಾರಿ ಹಿಡಿಯುತ್ತದೆ, ಲ್ಯಾಕ್ಟೇಟ್ ಬೇಗ ಏರುತ್ತದೆ. ಐದನೇ ಸುತ್ತಿನಲ್ಲಿ ತೊಡೆಯೊಳಗೆ ತುಂಬಿದ ಒದ್ದೆ ಮರಳಿಗೆ ಈಗ ಹೆಸರು ಸಿಕ್ಕಿತು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನೂ ಅವರು ಹೇಳುತ್ತಾರೆ. ರಕ್ತಹೀನತೆ ಇಲ್ಲದ, ಆದರೆ ಕಬ್ಬಿಣದ ದಾಸ್ತಾನು ಕರಗಿದ್ದ 42 ಯುವತಿಯರು. ಅರ್ಧ ಜನಕ್ಕೆ ಆರು ವಾರ ಕಬ್ಬಿಣ, ಉಳಿದವರಿಗೆ ಹುಸಿಮಾತ್ರೆ, ಎಲ್ಲರಿಗೂ ಒಂದೇ ತರಬೇತಿ. ಕೊನೆಗೆ 15 ಕಿಲೋಮೀಟರ್ ಸೈಕಲ್ ತುಳಿಸಿ ನೋಡಿದರೆ, ಕಬ್ಬಿಣ ಸಿಕ್ಕವರ ಸುಧಾರಣೆ ಹೆಚ್ಚು. ಬೆವರು ಎಲ್ಲರದೂ ಒಂದೇ ಆಗಿತ್ತು. ಆ ಬೆವರಿಗೆ ಸಿಕ್ಕ ಕೂಲಿ ಬೇರೆಯಾಗಿತ್ತು.

ಸರ್ ನೋಟ್‌ಬುಕ್ಕನ್ನು ನೋಡುತ್ತಾ ಕೂತಿದ್ದಾರೆ. ಅವರ ಕೈಬರಹದಲ್ಲೇ ರೋಗ ತಿಂಗಳು ತಿಂಗಳಿಗೂ ದಾಖಲಾಗಿತ್ತು. ಅದನ್ನು ಅವರು ಸೋಮಾರಿತನ ಎಂದು ಓದಿಕೊಂಡಿದ್ದರು. "ಗೊತ್ತಾಗಲಿಲ್ಲ ಕಣಮ್ಮ," ಎನ್ನುತ್ತಾರೆ, ನಿನ್ನನ್ನು ನೋಡದೆ.

"ಎಲ್ಲಿ ಹೋಯ್ತು ಮೇಡಂ ಕಬ್ಬಿಣ?" ನೀನು ಕೇಳುತ್ತೀಯ.

ಎಲ್ಲಿ ಹೋಗಿಲ್ಲ? ಒಂದು ಮಿಲಿಲೀಟರ್ ರಕ್ತ ಹೋದರೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋದಂತೆ. ತಿಂಗಳಿಗೆ 80 ಮಿಲಿಲೀಟರ್ ಹೋದರೆ 40 ಮಿಲಿಗ್ರಾಂ ಹತ್ತಿರ. ಕರುಳು ಊಟದಿಂದ ದಿನಕ್ಕೆ ಹೀರಿಕೊಳ್ಳುವುದೋ ಒಂದೆರಡು ಮಿಲಿಗ್ರಾಂ. ಗಂಡು ಓಟಗಾರನಿಗೆ ಈ ಸೋರಿಕೆ ಇಲ್ಲ. ಅದರ ಮೇಲೆ ಓಟದ ತೆರಿಗೆ. ಪಾದ ನೆಲಕ್ಕೆ ಅಪ್ಪಳಿಸಿದಾಗಲೆಲ್ಲ ಅಂಗಾಲಿನ ಸಣ್ಣ ನಾಳಗಳಲ್ಲಿ ಕೆಲವು ಕೆಂಪು ಕಣಗಳು ಒಡೆಯುತ್ತವೆ. ಬೆವರಿನಲ್ಲಿ ಒಂದಿಷ್ಟು ಹೋಗುತ್ತದೆ, ಕಠಿಣ ಓಟದಲ್ಲಿ ಕರುಳಿನಿಂದಲೂ ಒಂದಿಷ್ಟು ಸೋರುತ್ತದೆ. ವಾರಕ್ಕೆ 80 ಕಿಲೋಮೀಟರ್ ಓಡುವವಳ ಹಗೇವಿಗೆ ನಾಲ್ಕು ಕಡೆ ತೂತು.

"ನಮ್ಮ ಹುಡುಗಿ ದಿನಾ ಮುದ್ದೆ ಉಣ್ಣುತ್ತಾಳಲ್ಲ ಮೇಡಂ," ಸರ್ ದನಿಯಲ್ಲಿ ಅರ್ಧ ಪ್ರತಿಭಟನೆ. ರಾಗಿಯಲ್ಲಿ ಕಬ್ಬಿಣ ಇದೆ, ನಿಜ. ಆದರೆ ಅದರ ಫೈಟೇಟು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಕರುಳಿಗೆ ಸುಲಭಕ್ಕೆ ಬಿಡುವುದಿಲ್ಲ. ಮೊಳಕೆ ಬರಿಸಿದರೆ ಹಿಡಿತ ಸಡಿಲಾಗುತ್ತದೆ, ನಿಂಬೆಹಣ್ಣಿನ ಹುಳಿ ಸೇರಿದರೆ ಇನ್ನೂ ಸಲೀಸು. ಮೊಳಕೆ ಹುರುಳಿಕಾಳಿನ ಸಾರು, ಹರಿವೆಸೊಪ್ಪಿನ ಬಸ್ಸಾರಿಗೆ ಮೇಲೊಂದು ಹೋಳು ನಿಂಬೆ, ವಾರಕ್ಕೆರಡು ಸಲ ಕುರಿಯ ಮಾಂಸವೋ ಲಿವರೋ. ಮಾಂಸದ ಕಬ್ಬಿಣವನ್ನು ದೇಹ ಬೇಗ ಒಪ್ಪಿಕೊಳ್ಳುತ್ತದೆ. "ಆದರೆ ಇಷ್ಟು ಬರಿದಾದ ಮೇಲೆ ಊಟ ಒಂದರಿಂದಲೇ ತುಂಬೋದು ಕಷ್ಟ. ಮಾತ್ರೆ ಬೇಕು. ಯಾಕೆ ಇಷ್ಟು ಹೋಗ್ತಿದೆ ಅಂತ ಸ್ತ್ರೀರೋಗ ತಜ್ಞರಿಗೂ ಒಮ್ಮೆ ತೋರಿಸೋಣ."

ಹೊರಡುವಾಗ ಅವರು ಬೆರಳೆತ್ತಿ ಎಚ್ಚರಿಸುತ್ತಾರೆ: "ನಿನ್ನ ಮಾತ್ರೆ ನಿನಗೆ ಮಾತ್ರ. ಹಾಸ್ಟೆಲ್ಲಲ್ಲಿ ಹಂಚಬೇಡ. ದಾಸ್ತಾನು ತುಂಬಿದವರಿಗೆ ಇದರಿಂದ ಓಟ ಹೆಚ್ಚಲ್ಲ, ಮಿತಿಮೀರಿದ ಕಬ್ಬಿಣ ಲಿವರಿಗೆ ವಿಷ. ಯಾರೇ ಆಗಲಿ, ಮೊದಲು ಪರೀಕ್ಷೆ."

ಈಗ ಮಾತ್ರೆ ನಿನ್ನ ಅಂಗೈಯಲ್ಲಿದೆ. ಅದನ್ನು ನೋಡಿದರೆ ಶಾಲೆಯ ಸೋಮವಾರಗಳು ನೆನಪಾಗುತ್ತವೆ. ವಾರಕ್ಕೊಂದರಂತೆ ಹುಡುಗಿಯರಿಗೆಲ್ಲ ಕೊಡುತ್ತಿದ್ದ ನೀಲಿ ಮಾತ್ರೆ. ವಾಂತಿ ಬಂದಂತಾಗುತ್ತದೆಂದು ನಾಲಿಗೆಯಡಿ ಬಚ್ಚಿಟ್ಟುಕೊಂಡು, ಕಿಟಕಿಯಾಚೆಯ ಕ್ರೋಟನ್ ಗಿಡದ ಬುಡಕ್ಕೆ ಉಗುಳುತ್ತಿದ್ದೆ. ಎಷ್ಟು ಸೋಮವಾರ? ಎಣಿಸಲು ಹೋಗಿ ಬಿಟ್ಟುಬಿಡುತ್ತೀಯ.

ಮೊದಲ ದಿನ ಎಡವುತ್ತೀಯ. ಸಂಜೆಯ ಕಠಿಣ ತಾಲೀಮು ಮುಗಿಸಿ ಎರಡು ಗಂಟೆ ಕಳೆದಿದೆ, ಮೈ ಒಣಗಿದೆ, ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಹಬೆಯಾಡುವ ಟೀ. ಮಾತ್ರೆ ತುಟಿಗೆ ತಾಗುವಷ್ಟರಲ್ಲಿ ಡಾಕ್ಟರ್ ಮಾತು ನೆನಪಾಗುತ್ತದೆ. ಜೋರಾಗಿ ಓಡಿದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ. ಮೂರರಿಂದ ಆರು ಗಂಟೆಯ ಹೊತ್ತಿಗೆ ಅದು ಏರಿ ಕರುಳಿನ ಬಾಗಿಲಿಗೆ ಅಗುಳಿ ಹಾಕುತ್ತದೆ. ಆಗ ನುಂಗಿದ ಕಬ್ಬಿಣದ ಹೆಚ್ಚಿನ ಪಾಲು ಬಂದ ದಾರಿ ಹಿಡಿದು ಹೋಗುತ್ತದೆ. ಟೀಯ ಟ್ಯಾನಿನ್ ಅದೇ ಕೆಲಸವನ್ನು ಬೇರೆ ಬಗೆಯಲ್ಲಿ ಮಾಡುತ್ತದೆ. ಹಾಗಾಗಿ ಬೆಳಗಿನ ಓಟ ಮುಗಿದ ಅರ್ಧ ಗಂಟೆಯೊಳಗೆ, ಅಗುಳಿ ಬೀಳುವ ಮೊದಲೇ, ನಿಂಬೆ ಪಾನಕದ ಜೊತೆ ನುಂಗಬೇಕು. ಕಾಫಿ, ಟೀ, ಹಾಲು ಒಂದು ಗಂಟೆಯಾದರೂ ದೂರ. ಅದೂ ದಿನ ಬಿಟ್ಟು ದಿನ. ಮಾತ್ರೆ ತೆಗೆದುಕೊಂಡರೂ ಹೆಪ್ಸಿಡಿನ್ ಏರುತ್ತದೆ, ಮರುದಿನದ ಮಾತ್ರೆ ಅರೆಬರೆ ಮುಚ್ಚಿದ ಬಾಗಿಲಿಗೆ ಬಡಿಯುತ್ತದೆ. ಕಬ್ಬಿಣ ಕಡಿಮೆಯಿದ್ದ ಯುವತಿಯರ ಮೇಲೆ ಜ್ಯೂರಿಕ್‌ನಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು.

ಟೀ ಲೋಟವನ್ನು ಅಕ್ಕನ ಕೈಗೆ ಕೊಡುತ್ತೀಯ. ಮಾತ್ರೆ ಬೆಳಗಿಗೆ ಕಾಯುತ್ತದೆ.

ಎರಡನೇ ವಾರ ಹೊಟ್ಟೆ ತೊಳಸುತ್ತದೆ. ಮಲ ಡಾಂಬರಿನಂತೆ ಕಪ್ಪಾಗಿ ಬಂದು ಬೆಚ್ಚಿಬೀಳುತ್ತೀಯ. ಹೀಗಾಗುತ್ತದೆಂದು ಮೊದಲೇ ಹೇಳಿದ್ದರೂ ಕಣ್ಣಿಗೆ ಕಂಡಾಗ ಹೆದರಿಕೆ ಹೆದರಿಕೆಯೇ. ಮಲಬದ್ಧತೆ ಬೇರೆ. ಬಿಟ್ಟುಬಿಡಲೇ? ಡಬ್ಬಿ ಎತ್ತಿ, ಇಟ್ಟು, ಮತ್ತೆ ಎತ್ತುತ್ತೀಯ. ಹಳೇ ಕ್ರೋಟನ್ ಗಿಡ ಕಣ್ಣ ಮುಂದೆ ಬರುತ್ತದೆ. ನುಂಗುತ್ತೀಯ.

ಎಲ್ಲಕ್ಕಿಂತ ಕಷ್ಟ ಕಾಯುವುದು. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಮೂಳೆಯ ಮಜ್ಜೆ ಸೆಕೆಂಡಿಗೆ 20 ಲಕ್ಷದಷ್ಟು ಹೊಸ ಕಣಗಳನ್ನು ಹುಟ್ಟಿಸುತ್ತಲೇ ಇರುತ್ತದೆ. ಆ ಕಾರ್ಖಾನೆ ತನ್ನ ಪಾಲು ತೆಗೆದುಕೊಂಡ ಮೇಲಷ್ಟೇ ಹಗೇವಿಗೆ ಕಾಳು ಬೀಳುವುದು. ಸರ್ ನಿನ್ನ ಓಟವನ್ನು ಅರ್ಧಕ್ಕಿಳಿಸಿದ್ದಾರೆ. ಜೊತೆಯವರು ಇಂಟರ್‌ವಲ್ ಓಡುವಾಗ ನೀನು ಹೊರಗಿನ ಲೇನಿನಲ್ಲಿ ಮೆಲ್ಲಗೆ ಓಡುತ್ತೀಯ. ಅವರು ಸುಯ್ಯೆಂದು ದಾಟಿಹೋದಾಗ ಎದ್ದ ಗಾಳಿ ಕೆನ್ನೆಗೆ ಬಡಿಯುತ್ತದೆ. ಹಿಂದೆ ಬೀಳುತ್ತಿದ್ದೇನೆ ಎಂಬ ಭಯವನ್ನು ನುಂಗಲು ನಿಂಬೆ ಪಾನಕ ಸಾಲದು.

ಐದನೇ ವಾರದ ಒಂದು ರಾತ್ರಿ ದಿಂಬಿನಡಿ ಕೈ ಹಾಕುತ್ತೀಯ, ಅಭ್ಯಾಸಬಲಕ್ಕೆ. ಡಬ್ಬಿ ತೆರೆದರೆ ಅಕ್ಕಿಯಲ್ಲಿ ನುಸಿ ಓಡಾಡುತ್ತಿದೆ. ಯಾವತ್ತಿನಿಂದ ಇದನ್ನು ಮುಟ್ಟಿಲ್ಲ? ನೆನಪಿಲ್ಲ. ಆಸೆ ಹೇಳದೆ ಕೇಳದೆ ಎದ್ದುಹೋಗಿದೆ.

ಹನ್ನೆರಡನೇ ವಾರದ ರಿಪೋರ್ಟ್: ಹಿಮೋಗ್ಲೋಬಿನ್ 13.2, ಫೆರಿಟಿನ್ 33. ಡಾಕ್ಟರ್ ನಗುತ್ತಾರೆ, ಮಾತ್ರೆಯನ್ನು ಮಾತ್ರ ನಿಲ್ಲಿಸುವುದಿಲ್ಲ. "ಹಗೇವಿನ ತಳ ಮುಚ್ಚಿದೆ ಅಷ್ಟೇ." ಆ ವಾರವೇ ಸರ್ ಒಂದು ಬೆಳಗ್ಗೆ, ಪ್ರೇಕ್ಷಕರಿಲ್ಲದ ಟ್ರ್ಯಾಕಿನಲ್ಲಿ, ಹನ್ನೆರಡೂವರೆ ಸುತ್ತು ಓಡು ಎನ್ನುತ್ತಾರೆ.

ಐದನೇ ಸುತ್ತಿಗೆ ಮೈಯೆಲ್ಲ ಕಿವಿಯಾಗುತ್ತದೆ. ಮರಳು ಬರುತ್ತದೆಯೇ? ಆರನೇ ಸುತ್ತು. ಉಸಿರು ಎಳೆದುಕೊಳ್ಳುತ್ತೀಯ, ಅದು ಇಳಿಯುತ್ತದೆ, ಎದೆ ದಾಟಿ, ಸೊಂಟ ದಾಟಿ, ತೊಡೆಗೆ. ಏಳು. ಎಡಗಡೆ ಹುಲ್ಲು ಹಾಗೇ ಇದೆ, ಒಂದೇ ಹೆಜ್ಜೆ ದೂರದಲ್ಲಿ. ನೋವು ಬರುತ್ತದೆ, ಹಳೇ ಪರಿಚಯದ ನೋವು, ಮಾತಾಡಿಸಬಹುದಾದ ನೋವು. ಅದರ ಜೊತೆ ಎಂಟಕ್ಕೆ ಹೋಗುತ್ತೀಯ, ಒಂಬತ್ತಕ್ಕೆ ಹೋಗುತ್ತೀಯ, ಕೊನೆಯ ಸುತ್ತಿಗೆ ಮಂಡಿ ಎತ್ತುತ್ತೀಯ, ಮಂಡಿ ಏಳುತ್ತದೆ! ಸರ್ ನೋಟ್‌ಬುಕ್ ತೆರೆದು ಬರೆಯುತ್ತಾರೆ: 17.41. ಜನವರಿಯ ಸಮಯಕ್ಕೆ ಇನ್ನೂ ಏಳು ಸೆಕೆಂಡು ಬಾಕಿ. ಅದರ ಪಕ್ಕದಲ್ಲಿ, ಮೊದಲ ಬಾರಿಗೆ, ಇನ್ನೊಂದು ಕಾಲಂ ಎಳೆದು 33 ಎಂದು ಬರೆದಿದ್ದಾರೆ. ಉಳಿದ ಹುಡುಗಿಯರ ಪುಟಗಳಲ್ಲೂ ಆ ಕಾಲಂ ಎಳೆದಾಗಿದೆ, ಇನ್ನೂ ಖಾಲಿ.

ದೀಪಾವಳಿಗೆ ಊರಿಗೆ ಹೋಗುತ್ತೀಯ. ಸಂಜೆ ಕೆರೆ ಏರಿಯ ಮೇಲೆ ನಿಂತಿದ್ದಾಗ, ಕೆಳಗಿನ ಗದ್ದೆಯಿಂದ ಅಮ್ಮ ಹುಲ್ಲಿನ ಹೊರೆ ಹೊತ್ತು ಬರುವುದು ಕಾಣುತ್ತದೆ. ಏರಿಯ ಬುಡದಲ್ಲಿ ನಿಲ್ಲುತ್ತಾಳೆ, ಸೊಂಟದ ಮೇಲೆ ಕೈ. ಹತ್ತು ಹೆಜ್ಜೆ ಹತ್ತಿ ಮತ್ತೆ ನಿಲ್ಲುತ್ತಾಳೆ. ಮೂರನೇ ಸಲ ನಿಂತಾಗ ಬಾಯಿ ತೆರೆದು ಗಾಳಿ ಎಳೆದುಕೊಳ್ಳುವುದು ಇಲ್ಲಿಗೇ ಕಾಣುತ್ತದೆ. ಹುಟ್ಟಿದಾಗಿನಿಂದ ನೋಡಿದ ದೃಶ್ಯ ಇದು. ಇವತ್ತು ನಿನ್ನ ತೊಡೆಯೊಳಗೆ ಮರಳು ಅಲುಗಾಡುತ್ತದೆ. ಅಕ್ಕಿ ಆರಿಸುವಾಗ ಅಮ್ಮ ಮಾತಾಡುತ್ತಾ ಮಾತಾಡುತ್ತಾ ಬಾಯಿಗೆ ಹಾಕಿಕೊಳ್ಳುತ್ತಿದ್ದ ಕಾಳುಗಳು ನೆನಪಾಗುತ್ತವೆ. ಆ ರುಚಿ ನಿನಗೆ ಬಂದದ್ದು ಎಲ್ಲಿಂದ ಎಂದು ಈಗ ಹೊಳೆಯುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ನಿನ್ನ ಸುಸ್ತು ಕಣ್ಣಿಗೆ ಬಿತ್ತು, ಯಾಕೆಂದರೆ ಒಬ್ಬರು ಸ್ಟಾಪ್‌ವಾಚ್ ಹಿಡಿದು ನಿಂತಿದ್ದರು. 17.34 ಎಂಬುದು 18.31 ಆದದ್ದು ಒಂದು ಪುಸ್ತಕದಲ್ಲಿ ದಾಖಲಾಗಿತ್ತು. ಈ ಏರಿಯನ್ನು ಅಮ್ಮ ಮೊದಲೆಲ್ಲ ಎಷ್ಟು ಹೊತ್ತಿನಲ್ಲಿ ಹತ್ತುತ್ತಿದ್ದಳು, ಈಗ ಎಷ್ಟು ಹೊತ್ತು ಹಿಡಿಯುತ್ತದೆ, ಯಾರು ಬರೆದಿಟ್ಟಿದ್ದಾರೆ?

ಓಡಿ ಇಳಿಯುತ್ತೀಯ. ಹೊರೆಯನ್ನು ಇಳಿಸಿ, ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆಳೆಯುತ್ತೀಯ. ಒಳಗೆ ಕೆಂಪು ಇರಬೇಕಾದ ಕಡೆ ಬೆಂದ ಅನ್ನದ ಬಣ್ಣ.

"ಏನೇ ಇದು, ಕಣ್ಣಿಗೇನಾಗಿದೆ ನಂಗೆ?" ಅಮ್ಮ ನಗುತ್ತಾಳೆ, ಏದುಸಿರಿನ ನಡುವೆ.

"ನಾಳೆ ಬೆಳಗ್ಗೆ ಆಸ್ಪತ್ರೆಗೆ ಹೋಗೋಣ ಅಮ್ಮ. ರಕ್ತ ತೋರಿಸೋಣ."

"ಸುಸ್ತು ಹೆಂಗಸ್ರಿಗೆ ಇದ್ದುದ್ದೇ ಕಣವ್ವ. ಹಬ್ಬದ ಹೊತ್ನಲ್ಲಿ ಆಸ್ಪತ್ರೆ ಯಾಕೆ? ಬೆಳಗ್ಗೆ ಹಸ ಕರೀಬೇಕು, ಡೈರಿಗೆ ಹಾಲು ಹಾಕ್ಬೇಕು."

"ನಾನು ಕರೀತೀನಿ. ನಾನೇ ಹಾಕಿ ಬರ್ತೀನಿ."

ಹೊರೆಯನ್ನು ನಿನ್ನ ತಲೆಗೇರಿಸಿಕೊಳ್ಳುತ್ತೀಯ. ಹಸಿ ಹುಲ್ಲಿನ ನೀರು ಕಿವಿಯ ಪಕ್ಕ ಇಳಿದು ಕತ್ತಿಗೆ ತಣ್ಣಗೆ ತಾಗುತ್ತದೆ. ಕಾಲು ಓಡಬೇಕೆನ್ನುತ್ತದೆ. ಬೇಡ ಎನ್ನುತ್ತೀಯ. ಅಮ್ಮನ ಉಸಿರಿನ ಲೆಕ್ಕಕ್ಕೆ ನಿನ್ನ ಹೆಜ್ಜೆಯ ಲೆಕ್ಕ ಹೊಂದಿಸಿಕೊಂಡು, ಅವಳು ನಿಂತಲ್ಲಿ ನಿಂತು, ಏರಿ ಹತ್ತತೊಡಗುತ್ತೀಯ.